ಸಾರಾಯೆವೊದ ಗುಂಡು, ಬಳ್ಳಾರಿಯ ಸೂಜಿ

ಬಳ್ಳಾರಿಯ ಜೀನ್ಸ್ ಪ್ಯಾಂಟು ಇಂದು ದೇಶದ ಯಾವ ಮೂಲೆಯ ಸಂತೆಯಲ್ಲೂ ಸಿಗುತ್ತದೆ. ಒಂದು ಮನೆಯಲ್ಲಿ ಕಟಿಂಗ್, ಇನ್ನೊಂದರಲ್ಲಿ ಹೊಲಿಗೆ, ಮತ್ತೊಂದು ಕಡೆ ಕಾಜಾ-ಗುಂಡಿ, ಕೊನೆಗೆ ವಾಷಿಂಗ್. ಹೀಗೆ ಹಂಚಿಹೋದ ಈ ಕೆಲಸ ಸಾವಿರಾರು ಕುಟುಂಬಗಳಿಗೆ ಅನ್ನ ಕೊಡುತ್ತಿದೆ. ಈ ಕಸುಬಿನ ಬೇರು ಹುಡುಕಿ ಹೊರಟವರು ನೇರವಾಗಿ ಮೊದಲ ಮಹಾಯುದ್ಧದ ಬಾಗಿಲಿಗೆ ಹೋಗಿ ನಿಲ್ಲಬೇಕಾಗುತ್ತದೆ. ಬ್ರಿಟಿಷ್ ಸೇನೆಯ ಸಿಪಾಯಿಗಳಿಗೆ ಸಮವಸ್ತ್ರ ಹೊಲಿಯಲು ಈಗಿನ ಮಹಾರಾಷ್ಟ್ರದ ಕಡೆಯಿಂದ ದರ್ಜಿ ಕುಟುಂಬಗಳು ಬಳ್ಳಾರಿಗೆ ಬಂದು ನೆಲೆಸಿದ್ದು ಆಗ. ದಂಡು ಕರಗಿದ ಮೇಲೆ ಅವೇ ಕೈಗಳು ಶಾಲಾ ಮಕ್ಕಳ ಯೂನಿಫಾರ್ಮ್ ಹೊಲಿದವು, ಮುಂದೆ ಜೀನ್ಸಿಗೆ ಹೊರಳಿದವು.

ಯುದ್ಧ ಎಲ್ಲೋ ನಡೆಯುತ್ತದೆ, ನಮಗೇನು ಎಂದು ಕೇಳುವವರಿಗೆ ಬಳ್ಳಾರಿ ಜಿಲ್ಲೆಯೇ ಉತ್ತರ. ಇಲ್ಲಿನ ಕಸುಬು, ಜೈಲು, ಕಾಲುವೆ, ಗದ್ದೆ ಎಲ್ಲದರ ಮೇಲೂ ದೂರದ ಯುದ್ಧಗಳ ಗುರುತಿದೆ.

ಕಿಡಿ ಒಂದು, ಮದ್ದು ಬಹಳ

1914ರ ಜೂನ್ 28ರಂದು ಸಾರಾಯೆವೊ ನಗರದಲ್ಲಿ ಆಸ್ಟ್ರಿಯಾ-ಹಂಗೆರಿಯ ಯುವರಾಜ ಫ್ರಾಂಜ್ ಫರ್ಡಿನಾಂಡ್ ಮತ್ತು ಆತನ ಪತ್ನಿ ಗುಂಡಿಗೆ ಬಲಿಯಾದರು. ಆ ಕೊಲೆಯ ಹೊಣೆ ಹೊರಿಸಿ ತಿಂಗಳು ತುಂಬುವಷ್ಟರಲ್ಲಿ ಆಸ್ಟ್ರಿಯಾ ಸರ್ಬಿಯಾದ ಮೇಲೆ ಯುದ್ಧ ಸಾರಿತು. ಸರ್ಬಿಯಾದ ಬೆನ್ನಿಗೆ ರಷ್ಯಾ, ಆಸ್ಟ್ರಿಯಾದ ಬೆನ್ನಿಗೆ ಜರ್ಮನಿ, ರಷ್ಯಾದ ಜೊತೆಗೆ ಫ್ರಾನ್ಸ್ ನಿಂತವು. ಜರ್ಮನಿ ಬೆಲ್ಜಿಯಂಗೆ ನುಗ್ಗಿದಾಗ ಆಗಸ್ಟ್ 4ರಂದು ಬ್ರಿಟನ್ನೂ ಕಣಕ್ಕಿಳಿಯಿತು.

ಒಂದು ಕೊಲೆಗೆ ಇಷ್ಟು ಬಲ ಎಲ್ಲಿಂದ ಬಂತು? ಒಬ್ಬರ ಜಗಳಕ್ಕೆ ಎಲ್ಲರನ್ನೂ ಎಳೆಯುವ ಸೇನಾ ಒಪ್ಪಂದಗಳು, ಯುದ್ಧನೌಕೆ ಮತ್ತು ಫಿರಂಗಿಗಳ ಪೈಪೋಟಿ, ಆಫ್ರಿಕಾ-ಏಷ್ಯಾಗಳನ್ನು ಹಂಚಿಕೊಳ್ಳುವ ದುರಾಸೆ, ಬಾಲ್ಕನ್ ನಾಡುಗಳಲ್ಲಿ ಕುದಿಯುತ್ತಿದ್ದ ರಾಷ್ಟ್ರೀಯತೆ ಇವೆಲ್ಲ ದಶಕಗಳಿಂದ ಸೇರಿ ಮದ್ದಿನ ಮನೆ ತುಂಬಿತ್ತು. ಈ ಯಾವ ತೀರ್ಮಾನದಲ್ಲೂ ಭಾರತೀಯರ ಮಾತು ನಡೆಯಲಿಲ್ಲ. ಆದರೂ ಸುಮಾರು 13 ಲಕ್ಷ ಭಾರತೀಯರು ಆ ಯುದ್ಧದಲ್ಲಿ ದುಡಿದರು, 70 ಸಾವಿರಕ್ಕೂ ಹೆಚ್ಚು ಮಂದಿ ಜೀವ ತೆತ್ತರು.

ದತ್ತಮಂಡಲದಲ್ಲಿ ತುರ್ಕರು

ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲೆ. 1800ರಲ್ಲಿ ಹೈದರಾಬಾದಿನ ನಿಜಾಮ ಬ್ರಿಟಿಷರಿಗೆ ಬಿಟ್ಟುಕೊಟ್ಟ ದತ್ತಮಂಡಲದ ಮುಖ್ಯ ಊರು, ದೊಡ್ಡ ದಂಡಿನ ನೆಲೆ. ಯುದ್ಧ ಆರಂಭವಾದ ಎರಡೇ ತಿಂಗಳಲ್ಲಿ, 1914ರ ಸೆಪ್ಟೆಂಬರ್ 22ರ ರಾತ್ರಿ, ಜರ್ಮನಿಯ ಎಮ್ಡನ್ ನೌಕೆ ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿತು. ಪ್ರಾಂತ್ಯದ ರಾಜಧಾನಿಯಿಂದಲೇ ಜನ ಗಂಟುಮೂಟೆ ಕಟ್ಟಿಕೊಂಡು ಓಡಿದರು.

ಆಮೇಲೆ ತುರ್ಕಿಯ ಒಟ್ಟೊಮನ್ ಸಾಮ್ರಾಜ್ಯ ಜರ್ಮನಿಯ ಪಕ್ಷ ಸೇರಿತು. ಈಗಿನ ಇರಾಕ್ ಆದ ಮೆಸೊಪೊಟೇಮಿಯಾದಲ್ಲಿ ಬ್ರಿಟಿಷ್ ಇಂಡಿಯಾದ ಸೇನೆ ಅವರೊಡನೆ ಕಾದಿತು. ಸೆರೆಸಿಕ್ಕ ತುರ್ಕಿ ಸೈನಿಕರನ್ನು ಹಡಗು, ರೈಲು ಹತ್ತಿಸಿ ಭಾರತ ಮತ್ತು ಬರ್ಮಾದ ಶಿಬಿರಗಳಿಗೆ ಕಳಿಸಿದರು. ಆ ಶಿಬಿರಗಳಲ್ಲಿ ಬಳ್ಳಾರಿಯೂ ಒಂದು. 1917ರಲ್ಲಿ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಪ್ರತಿನಿಧಿಗಳು ಯುದ್ಧಕೈದಿಗಳ ಸ್ಥಿತಿ ನೋಡಲು ಬಂದ ಊರುಗಳಲ್ಲಿ ಬಳ್ಳಾರಿ, ಬೆಳಗಾವಿ ಎರಡೂ ಇದ್ದವು. ತಮ್ಮ ಮನೆಯಿಂದ ಸಾವಿರಾರು ಮೈಲಿ ದೂರ, ಬಳ್ಳಾರಿಯ ಬಿಸಿಲಲ್ಲಿ, ಆ ಸೈನಿಕರು ಯುದ್ಧ ಮುಗಿಯುವುದನ್ನು ಕಾದರು. ಅವರಲ್ಲೂ ಅನೇಕರು ನಮ್ಮ ಸಿಪಾಯಿಗಳಂತೆ ಬಡ ರೈತರ ಮಕ್ಕಳೇ.

ಆ ಎಳೆ ಯುದ್ಧದೊಂದಿಗೆ ಕಡಿಯಲಿಲ್ಲ. ಸೋತ ತುರ್ಕಿಯನ್ನು ಗೆದ್ದವರು ಹರಿದು ಹಂಚಿಕೊಂಡಾಗ ತುರ್ಕಿಯ ಖಲೀಫನ ಪರವಾಗಿ ಭಾರತದಲ್ಲಿ ಖಿಲಾಫತ್ ಚಳವಳಿ ಹುಟ್ಟಿತು. ಆ ಚಳವಳಿ ಮತ್ತು ಗೇಣಿದಾರರ ಸಿಟ್ಟು ಬೆರೆತು 1921ರಲ್ಲಿ ಈಗಿನ ಕೇರಳದ ಮಲಬಾರ್ ಸಿಡಿಯಿತು. ದಂಗೆಯ ಕೈದಿಗಳನ್ನು ಬಳ್ಳಾರಿಗೆ ಸಾಗಿಸಿದರು. ಅದೇ ವರ್ಷದ ನವೆಂಬರಿನಲ್ಲಿ ತಿರೂರಿನಿಂದ ಹೊರಟ ಮುಚ್ಚಿದ ಸರಕಿನ ವ್ಯಾಗನ್ನಿನೊಳಗೆ ಉಸಿರುಗಟ್ಟಿ ಸತ್ತ ಸುಮಾರು 70 ಮಂದಿ ಇಲ್ಲಿಗೇ ಬರಬೇಕಾದವರು. ಬಳ್ಳಾರಿಯ ಅಲ್ಲೀಪುರ ಜೈಲು ಮುಂದೆ ಸ್ವಾತಂತ್ರ್ಯ ಹೋರಾಟದ ಸತ್ಯಾಗ್ರಹಿಗಳಿಂದಲೂ ತುಂಬಿತು.

ನೋಟು, ಧಾನ್ಯ, ಜ್ವರ

ರಣರಂಗ ನೋಡದವರ ಮನೆಗೆ ಯುದ್ಧ ಬೆಲೆಯ ರೂಪದಲ್ಲಿ ಬಂತು. ನಾಣ್ಯಕ್ಕೆ ಬೆಳ್ಳಿ ಸಾಲದೆ ಸರ್ಕಾರ 1917ರ ನವೆಂಬರಿನಲ್ಲಿ ಒಂದು ರೂಪಾಯಿಯ ಕಾಗದದ ನೋಟು ತಂದಿತು. ಬೆಳ್ಳಿ ರೂಪಾಯಿಯನ್ನು ಟಣ್ ಎಂದು ಬಡಿದು ನೋಡಿ ನಂಬುತ್ತಿದ್ದ ಕಾಲ ಅದು. ಬಟ್ಟೆ, ಉಪ್ಪು, ಸೀಮೆಎಣ್ಣೆ, ಧಾನ್ಯ ತುಟ್ಟಿಯಾದವು. 1918ರಲ್ಲಿ ಮಳೆ ಕೈಕೊಟ್ಟಿತು. ಅದೇ ವರ್ಷ ಸೈನಿಕರ ಹಡಗುಗಳ ಜೊತೆ ಮುಂಬಯಿಗೆ ಬಂದಿಳಿದ ಇನ್‌ಫ್ಲುಯೆಂಜಾ ರೈಲು ಹಿಡಿದು ಒಳನಾಡಿಗೆ ಹಬ್ಬಿತು. ದೇಶದಲ್ಲಿ ಆ ಜ್ವರಕ್ಕೆ ಸತ್ತವರು ಒಂದು ಕೋಟಿಗೂ ಮೇಲು. ಗುಂಡಿಗೆ ಬಿದ್ದ ಭಾರತೀಯರಿಗಿಂತ ನೂರು ಪಟ್ಟಿಗೂ ಹೆಚ್ಚು ಜನ ತಮ್ಮ ಮನೆಯ ಚಾಪೆಯ ಮೇಲೆ ಸತ್ತರು. ಯುದ್ಧದ ಸಾವಿನ ಲೆಕ್ಕದಲ್ಲಿ ಇವರ ಹೆಸರಿಲ್ಲ, ಇರಬೇಕಿತ್ತು.

ಹಸಿವಿನ ವರ್ಷಗಳಲ್ಲಿ ಒಂದು ಅಣೆಕಟ್ಟು

ಎರಡನೇ ಮಹಾಯುದ್ಧಕ್ಕೂ ನಮ್ಮನ್ನು ಯಾರೂ ಕೇಳಲಿಲ್ಲ. 1939ರ ಸೆಪ್ಟೆಂಬರ್ 3ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಭಾರತವೂ ಯುದ್ಧದಲ್ಲಿದೆ ಎಂದು ಘೋಷಿಸಿದ. ಪ್ರತಿಭಟಿಸಿ ಮದ್ರಾಸಿನ ರಾಜಾಜಿ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. 1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿದಾಗ ಮದ್ರಾಸ್ ಪ್ರಾಂತ್ಯಕ್ಕೆ ಬರುತ್ತಿದ್ದ ಬರ್ಮಾ ಅಕ್ಕಿ ನಿಂತಿತು. ಪಡಿತರ ಚೀಟಿ ಬಂತು. 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಮಂದಿ ಹಸಿವಿನಿಂದ ಸತ್ತರು.

ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಆಲೋಚನೆ 1860ರಷ್ಟು ಹಳೆಯದು. 1876–78ರ ಭೀಕರ ಬರದಲ್ಲಿ ಬಳ್ಳಾರಿ ನರಳಿದ ಮೇಲೂ ಮದ್ರಾಸ್ ಮತ್ತು ಹೈದರಾಬಾದುಗಳ ನಡುವೆ ನೀರಿನ ಹಂಚಿಕೆ ಬಗೆಹರಿಯದೆ ಅದು ಕಾಗದದಲ್ಲೇ ಉಳಿದಿತ್ತು. ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಕೂಗು ಎದ್ದ ಯುದ್ಧದ ಕೊನೆಯ ವರ್ಷಗಳಲ್ಲಿ ಎರಡು ಸರ್ಕಾರಗಳೂ ಒಪ್ಪಿದವು. ಬರ್ಲಿನ್ ಇನ್ನೂ ಬೀಳದಿದ್ದಾಗ, 1945ರ ಫೆಬ್ರುವರಿ 28ರಂದು ಅಡಿಗಲ್ಲು ಬಿತ್ತು. 1953ರಲ್ಲಿ ನೀರು ಹರಿಯಿತು. ಜೋಳ, ಹತ್ತಿ, ಸಜ್ಜೆಯ ಎರೆ ಭೂಮಿ ಗದ್ದೆಯಾಯಿತು. ವಿಜಯನಗರದ ಕಾಲದ ಕಾಲುವೆಗಳ ನೆನಪಿದ್ದ ಸಿರುಗುಪ್ಪ ಇಂದು ಭತ್ತದ ಕಣಜ. ಕುರುಗೋಡು ಸೀಮೆಯಲ್ಲಿ ಭತ್ತದ ಜೊತೆ ಮೆಣಸಿನಕಾಯಿ ಬೆಳೆದು ನಿಂತಿದೆ. ಇದನ್ನು ಯುದ್ಧದ ಕೊಡುಗೆ ಎಂದು ಹೊಗಳಲಾರೆ. ನೀರು ಕೊಡಲು ಲಕ್ಷಾಂತರ ಮಂದಿ ಸಾಯಬೇಕಾಗಿರಲಿಲ್ಲ. ಶಾಂತಿಕಾಲದ ಆಡಳಿತ ಎಂಬತ್ತು ವರ್ಷ ಮುಂದೂಡಿದ್ದನ್ನು ಹಸಿವು ಆಗಮಾಡಿಸಿತು, ಅಷ್ಟೇ.

ಇಂದಿನ ಬಾಕಿ

2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ನುಗ್ಗಿತು. ವಾರದೊಳಗೆ, ಮಾರ್ಚ್ 1ರಂದು, ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ನಮ್ಮ ಅಡುಗೆಮನೆಗೆ ಬರುವ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಉಕ್ರೇನ್ ಮತ್ತು ರಷ್ಯಾದ್ದಾಗಿತ್ತು, ಅದರ ಬೆಲೆ ಏರಿತು. ಒಂದು ಕಾಲಕ್ಕೆ ಬಳ್ಳಾರಿಯ ಮಳೆಯಾಶ್ರಿತ ಹೊಲಗಳೇ ಸೂರ್ಯಕಾಂತಿಯಿಂದ ಹಳದಿಯಾಗುತ್ತಿದ್ದವು. ಆ ಬೆಳೆಯನ್ನು ನಾವು ಬಹುಮಟ್ಟಿಗೆ ಕೈಬಿಟ್ಟೆವು, ಎಣ್ಣೆಗೆ ಕಪ್ಪು ಸಮುದ್ರದ ಬಂದರುಗಳನ್ನು ನೆಚ್ಚಿದೆವು.

ಗೊಬ್ಬರದ ಕಥೆಯೂ ಅದೇ. ಯೂರಿಯಾ ತಯಾರಿಗೆ ನೈಸರ್ಗಿಕ ಅನಿಲ ಬೇಕು, ಪೊಟ್ಯಾಷಿನ ಗಣನೀಯ ಪಾಲು ರಷ್ಯಾ, ಬೆಲಾರುಸ್‌ಗಳಿಂದ ಬರಬೇಕು. ಡಿಎಪಿ ಗೊಬ್ಬರದ ಚೀಲ 1,200ರಿಂದ 1,350 ರೂಪಾಯಿಗೆ ಹೋಯಿತು. ಬೆಲೆ ಇನ್ನೂ ಏರದಂತೆ ತಡೆಯಲು ಕೇಂದ್ರ ಸರ್ಕಾರ 2022–23ರಲ್ಲಿ ಕೊಟ್ಟ ರಸಗೊಬ್ಬರ ಸಬ್ಸಿಡಿ 2 ಲಕ್ಷ ಕೋಟಿ ರೂಪಾಯಿ ದಾಟಿತು. ಅದೂ ನಮ್ಮದೇ ತೆರಿಗೆಯ ಹಣ. ಸಿರುಗುಪ್ಪದಲ್ಲಿ ನಾಟಿ ಮಾಡುವ ರೈತನಿಗೆ ಉಕ್ರೇನಿನ ಡೊನ್‌ಬಾಸ್ ಎಲ್ಲಿದೆ ಎಂದು ಗೊತ್ತಿರಬೇಕಿಲ್ಲ, ಆ ಯುದ್ಧಕ್ಕೆ ಅವನ ವಿಳಾಸ ಗೊತ್ತಿದೆ.

ನೂರು ವರ್ಷಗಳ ಈ ಲೆಕ್ಕ ಒಂದೇ ಮಾತು ಹೇಳುತ್ತದೆ: ಯುದ್ಧ ಮಾಡುವ ತೀರ್ಮಾನ ಕೆಲವರದು, ಅದರ ಸಾಲ ತೀರಿಸುವವರು ಆ ಕೋಣೆಯಲ್ಲಿ ಇರದವರು. ಆದ್ದರಿಂದ ಟಿವಿ ಪರದೆಯಲ್ಲಿ ಯುದ್ಧವನ್ನು ಪಂದ್ಯದಂತೆ ನೋಡಿ ಚಪ್ಪಾಳೆ ತಟ್ಟುವುದನ್ನು ನಾವು ಬಿಡಬೇಕು. ಎಣ್ಣೆಕಾಳು ಬೆಳೆಯುವ ರೈತನಿಗೆ ಸರ್ಕಾರ ಖಾತ್ರಿ ಬೆಲೆ ಕೊಡಬೇಕು. ಜಿಲ್ಲೆಯ ಶಿಕ್ಷಕರು ಮಹಾಯುದ್ಧದ ಪಾಠ ಮಾಡುವಾಗ ಸಾರಾಯೆವೊ ಜೊತೆಗೆ ಬಳ್ಳಾರಿಯ ಕೌಲ್ ಬಜಾರ್, ಅಲ್ಲೀಪುರಗಳನ್ನೂ ಹೇಳಲಿ. ಮಕ್ಕಳು ತಮ್ಮ ಓಣಿಯ ಹಿರಿಯ ದರ್ಜಿಗಳನ್ನು, ಪಡಿತರದ ದಿನಗಳನ್ನು ಕೇಳಿ ಬಲ್ಲ ಅಜ್ಜ-ಅಜ್ಜಿಯರನ್ನು ಮಾತಾಡಿಸಿ ಬರೆದಿಡಲಿ. ಆ ನೆನಪುಗಳಿಗೆ ಹೆಚ್ಚು ಸಮಯವಿಲ್ಲ, ಈ ಬೇಸಿಗೆ ರಜೆಯಲ್ಲೇ ಆರಂಭಿಸಿ.