ಗೆಳೆಯರ ಸೈಕಲ್ ಪಂದ್ಯ

ಪಂದ್ಯವೆಂದರೆ ಎದುರಾಳಿಯನ್ನು ಸೋಲಿಸುವುದೆಂದು ನಾವೆಲ್ಲ ಭಾವಿಸುತ್ತೇವೆ. ಆದರೆ ಗುಂಪಾಗಿ ಸೈಕಲ್ ಓಡಿಸುವಾಗ ನಮ್ಮೆಲ್ಲರ ಮೊದಲ ಎದುರಾಳಿ ಗಾಳಿ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸಾಗುವಾಗ ನಮ್ಮ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ.

ಮುಂದಿನ ಸವಾರನ ಬೆನ್ನ ಹಿಂದೆ ಈ ತಡೆ ಕಡಿಮೆ. ಹತ್ತಿರದಲ್ಲೇ ಹಿಂಬಾಲಿಸುವವನಿಗೆ ಸುಮಾರು ಕಾಲುಭಾಗ ಶ್ರಮ ಉಳಿಯುತ್ತದೆ. ಆದ್ದರಿಂದಲೇ ಸವಾರರು ಸರದಿಯಂತೆ ಮುಂದೆ ಬರುತ್ತಾರೆ. ಸದಾ ಮುಂದಿರುವವನು ಬೇಗ ದಣಿಯುತ್ತಾನೆ. ಸದಾ ಹಿಂದೆ ಅಡಗುವವನು ಗೆಳೆಯರ ಬೆವರಿಗೆ ಸಾಲಗಾರನಾಗುತ್ತಾನೆ.

ಪಂದ್ಯಕ್ಕೆ ನಿಯಮಗಳೂ ಬೇಕು. 1869ರಲ್ಲಿ ಫ್ರಾನ್ಸಿನ ಪ್ಯಾರಿಸ್‌ನಿಂದ ರೂಆನ್‌ವರೆಗೆ ನಡೆದ 123 ಕಿಲೋಮೀಟರ್ ಪಂದ್ಯದಲ್ಲಿ, ನಾಯಿಯಿಂದ ಎಳೆಸಿಕೊಳ್ಳಬಾರದು, ಹಾಯಿ ಕಟ್ಟಬಾರದು ಎಂದು ಕಟ್ಟಳೆಯಿತ್ತು! ನಮಗೆ ಬೇಕಾದ ನಿಯಮಗಳು ಸರಳ: ಹೆಲ್ಮೆಟ್ ಧರಿಸಬೇಕು, ವಾಹನಗಳಿಲ್ಲದ ದಾರಿಯನ್ನೇ ಆರಿಸಬೇಕು, ಮುಂದಿನವನ ಹಿಂಗಾಲಿಗೆ ನಮ್ಮ ಮುಂಗಾಲಿ ತಾಗದಂತೆ ಅಂತರವಿಡಬೇಕು, ತಾಗಿದರೆ ಬೀಳುವವನು ಸಾಮಾನ್ಯವಾಗಿ ಹಿಂದಿನವನೇ. ಒಮ್ಮೆಲೇ ಬ್ರೇಕ್ ಹಾಕಬಾರದು. ಗುಂಡಿ ಕಂಡರೆ ಕೂಗಿ ಹೇಳಬೇಕು.

ಗುರಿ ಮುಟ್ಟಿದ ಮೇಲೆ ಕೊನೆಯ ಗೆಳೆಯನೂ ಬರುವ ತನಕ ಕಾಯೋಣ. ನಮಗೆ ಗಾಳಿ ಮರೆಮಾಡಿದವರಲ್ಲಿ ಅವನೂ ಒಬ್ಬನಲ್ಲವೇ?