ಸಬ್‌ಮರೀನರ್ ಮುಖದ ಅಗ್ಗದ ವಾಚು

ಪ್ರಶ್ನೆ: ರೋಲೆಕ್ಸ್ ಸಬ್‌ಮರೀನರ್ ಹೋಲುವ ಇನ್ವಿಕ್ಟಾ 8926, ಪಗಾನಿ ಡಿಸೈನ್ 1661: ಯಾವುದು ಕೊಳ್ಳಲಿ?

ಉತ್ತರ: ಎರಡೂ ನಕಲಿ ಮಾಲಲ್ಲ. 1953ರಲ್ಲಿ ಬಂದ ಸಬ್‌ಮರೀನರ್‌ನ ವಿನ್ಯಾಸವನ್ನು ಎರವಲು ತಂದರೂ ಡಯಲ್ ಮೇಲೆ ತಮ್ಮದೇ ಹೆಸರು ಬರೆದುಕೊಂಡಿವೆ. ಎರಡರ ಹೊಟ್ಟೆಯಲ್ಲೂ ಸೈಕೋದ ಎನ್‌ಎಚ್35 ಯಂತ್ರವೇ; ಪೂರ್ತಿ ಕೀಲಿ ಕೊಟ್ಟರೆ ಸುಮಾರು 41 ಗಂಟೆ ಓಡುತ್ತದೆ. ಹಾಗಾಗಿ ನೋಡಬೇಕಾದದ್ದು ಗಾಜನ್ನು. ಇನ್ವಿಕ್ಟಾದ್ದು ಖನಿಜ ಗಾಜು, ಒರಟು ಗೋಡೆಗೆ ಉಜ್ಜಿದರೆ ಗೀರು ಬೀಳುತ್ತದೆ. ಪಗಾನಿಗೆ ನೀಲಮಣಿ ಗಾಜು, ಅದರ ಸುತ್ತ ತಿರುಗುವ ಸೆರಾಮಿಕ್ ಬಳೆ (ಬೆಜೆಲ್). ನೀರಿನಲ್ಲಿ ಇನ್ವಿಕ್ಟಾ ಮುಂದು: 200 ಮೀಟರ್, ಪಗಾನಿಗೆ 100. ಈಜುಕೊಳಕ್ಕೆ ಅಷ್ಟು ಸಾಕು ಬಿಡಿ. ಇನ್ವಿಕ್ಟಾದ ಪಕ್ಕೆಯಲ್ಲಿ ದಪ್ಪಕ್ಷರದಲ್ಲಿ ಕೊರೆದ ಹೆಸರು ನನಗಂತೂ ಕಣ್ಣಿಗೆ ಚುಚ್ಚುತ್ತದೆ. ನಾನಾದರೆ ಪಗಾನಿಯನ್ನೇ ಕೊಳ್ಳುತ್ತೇನೆ. ಕೈಗೆ ಬಂದ ಕೂಡಲೇ ಬಳೆ ತಿರುಗಿಸಿ, ಅದರ ಮೇಲಿನ ತ್ರಿಕೋನ ಹನ್ನೆರಡರ ನೇರಕ್ಕೆ ನಿಲ್ಲುತ್ತದೆಯೇ ನೋಡಿ. ಓರೆಯಿದ್ದರೆ ವಾಪಸ್ ಕಳಿಸಿ.