ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ!

ಸಸ್ಪೆನ್ಸ್ ಅಂದ್ರೆ ಎಲ್ರೂ ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಅಂತಾರೆ. ನಮ್ಮ ಗುಬ್ಬಿ ಊರಿನ ಹೆಸರೂ ಹೇಳಿ ಸ್ವಾಮಿ!

1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿಗೆ ಭಾರೀ ಹೆಸರು ತಂದ ನಾಟಕ ‘ಸದಾರಮೆ’. ಕಳ್ಳನ ಪಾತ್ರದಲ್ಲಿ ಗುಬ್ಬಿ ವೀರಣ್ಣ. ಆ ಕಳ್ಳನ ಕೈಯಿಂದ ಪಾರಾದ ನಾಯಕಿ ಸದಾರಮೆ ಗಂಡುವೇಷ ಹಾಕ್ತಾಳೆ. ಅದು ನಮಗೆ ಗೊತ್ತು, ರಂಗದ ಮೇಲಿರೋರಿಗೆ ಗೊತ್ತಿಲ್ಲ. ಈಗ ಸಿಕ್ಕಿಬೀಳ್ತಾಳಾ? ಇನ್ನೊಂದು ಮಾತಾಡಿದ್ರೆ?

ಹಿಚ್‌ಕಾಕ್ ಹೇಳಿದ್ದೂ ಇದನ್ನೇ. ಮೇಜಿನಡಿಯ ಬಾಂಬ್ ದಿಢೀರ್ ಸಿಡಿದ್ರೆ 15 ಸೆಕೆಂಡ್ ಬೆಚ್ಚಿಬೀಳ್ತೀವಿ. ಬಾಂಬ್ ಮೊದಲೇ ತೋರಿಸಿದ್ರೆ 15 ನಿಮಿಷ ಉಸಿರು ಬಿಗಿಹಿಡೀತೀವಿ. ಪಾತ್ರಗಳು ಮಾತ್ರ ಆರಾಮಾಗಿ ಹರಟೆ ಹೊಡೀತಿರ್ತವೆ.

ಟ್ವಿಸ್ಟ್ ಮುಚ್ಚಿಡೋದಷ್ಟೇ ಜಾಣತನ ಅನ್ನೋ ಈಗಿನ ಥ್ರಿಲ್ಲರ್‌ಗಳು ನನಗಂತೂ ಸಪ್ಪೆ.

ಅಂದ ಹಾಗೆ, ‘ಸದಾರಮೆ’ 1935ರಲ್ಲೇ ಸಿನಿಮಾನೂ ಆಯ್ತು. ಅದರಲ್ಲೂ ವೀರಣ್ಣನವರಿದ್ರು!